ನುಂಗುವುದೆಲ್ಲ ಕಾಯಿಲೆಯಲ್ಲ

“ರಕ್ಷಣಾ ಕೋಶಗಳೇ ಮಿದುಳಿನ ನರಜೋಡಣೆಗಳನ್ನು ನುಂಗುತ್ತವಂತೆ, ಇದು ಕಾಯಿಲೆಯೇ?” ಎಂದು ಕೇಳಿದ್ದೀರಿ. ಎಳೆಯ ಮಿದುಳಿನಲ್ಲಿ ಖಂಡಿತ ಅಲ್ಲ. ಒತ್ತಾಗಿ ಹುಟ್ಟಿದ ರಾಗಿ ಪೈರನ್ನು ಕಿತ್ತು ತೆಳುವು ಮಾಡುತ್ತೇವಲ್ಲ, ಅಂಥದೇ ಕೆಲಸ. ಹುಟ್ಟಿ ಐದು ದಿನವಾದ ಇಲಿಮರಿ ಇನ್ನೂ ಕಣ್ಣೇ ತೆರೆದಿರುವುದಿಲ್ಲ. ಅಷ್ಟರಲ್ಲೇ ಮೈಕ್ರೋಗ್ಲಿಯಾ ಎಂಬ ಈ ರಕ್ಷಣಾ ಕೋಶಗಳ ಹೊಟ್ಟೆಯಲ್ಲಿ ಕಣ್ಣಿನಿಂದ ಬಂದ ನರತುದಿಗಳ ಚೂರುಗಳಿರುತ್ತವೆ. 2012ರಲ್ಲಿ ನರವಿಜ್ಞಾನಿ ಬೆತ್ ಸ್ಟೀವನ್ಸ್ ಅವರ ತಂಡ ಇದನ್ನು ತೋರಿಸಿತು. ಇಲ್ಲಿ ನೆರವಾಗುವುದು ಸಿ3 ಎಂಬ ಪ್ರೋಟೀನು. ರಕ್ತದಲ್ಲಿ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಗುರುತು ಹಾಕುವುದೂ ಇದೇ! ಇದನ್ನು ಗುರುತಿಸಿ ಹಿಡಿಯುವ ಗ್ರಾಹಕ ಪ್ರೋಟೀನು ಇಲ್ಲದ ಇಲಿಗಳಲ್ಲಿ ಹೆಚ್ಚುವರಿ ಜೋಡಣೆಗಳು ಹಾಗೆಯೇ ಉಳಿದವು.

ಈ ಕಳೆ ಕೀಳುವ ಕೈ ಅಕಾಲದಲ್ಲಿ ಚುರುಕಾದರೆ ಮಾತ್ರ ಕಷ್ಟ. ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯ ಮಾದರಿಯ ಇಲಿಗಳಲ್ಲಿ ಪ್ಲೇಕ್ (ಮಿದುಳಿನಲ್ಲಿ ಗಂಟುಕಟ್ಟುವ ಪ್ರೋಟೀನು) ಕಟ್ಟುವ ಮೊದಲೇ ಜೋಡಣೆಗಳು ಕಳೆದುಹೋಗುವುದನ್ನೂ, ಸಿ3ರ ಗುಂಪಿನದೇ ಆದ ಸಿ1ಕ್ಯು ಪ್ರೋಟೀನನ್ನು ತಡೆದರೆ ಆ ನಷ್ಟ ತಗ್ಗುವುದನ್ನೂ 2016ರಲ್ಲಿ ವಿಜ್ಞಾನಿಗಳು ಕಂಡರು. ಇಲಿಗಳಲ್ಲಿ, ನೆನಪಿರಲಿ.