ಕಡಿಮೆ ರೇಟಿಗೆ ಟೆಂಡರ್ ಕೊಟ್ಟರೆ ಗುಣಮಟ್ಟ ಕೆಡುತ್ತಾ?

ಪೈಪೋಟಿ ಟೆಂಡರ್‌ನಲ್ಲಿ ಕಡಿಮೆ ರೇಟ್ ಹಾಕಿದವರಿಗೇ ಕೆಲಸ ಸಿಗುತ್ತದೆ, ಹಾಗಾದರೆ ಗುಣಮಟ್ಟ ಕೆಡಲೇಬೇಕಲ್ವಾ ಅಂತ ಕೇಳಿದ್ದೀರಿ. ಕೆಡಲೇಬೇಕು ಅಂತೇನಿಲ್ಲ. ಕಟ್ಟಡದ ಸೈಟಿನಲ್ಲಿ ಅಳತೆ, ಬಿಲ್ ನೋಡುವ ಕೆಲಸ ನನ್ನದು. ಅಲ್ಲಿ ಕಂಡದ್ದು ಹೇಳುತ್ತೇನೆ.

ಸ್ವಂತ ಮಷಿನ್, ಸೆಂಟ್ರಿಂಗ್ ಸಾಮಾನು, ನುರಿತ ಮೇಸ್ತ್ರಿಗಳು ಇರುವ ಕಂಟ್ರಾಕ್ಟರ್ ನಿಜಕ್ಕೂ ಕಡಿಮೆಗೆ ಮಾಡಬಲ್ಲ. ಇನ್ನೊಬ್ಬ ಕೈಯಲ್ಲಿ ಕೆಲಸವಿಲ್ಲ ಅಂತ, ಇಲ್ಲವೇ ಲೆಕ್ಕ ತಪ್ಪಿ, ಅಸಲಿಗಿಂತ ಕೆಳಗೆ ಬರೆದಿರುತ್ತಾನೆ. ಕವರ್ ಒಡೆದಾಗ ಇಬ್ಬರ ಅಂಕಿಯೂ ಒಂದೇ ಥರ ಕಾಣುತ್ತದೆ. ತೊಂದರೆ ಇರುವುದೇ ಇಲ್ಲಿ.

ಆ ಎರಡನೆಯವನು ನಷ್ಟವನ್ನು ಎಲ್ಲಿಂದ ತುಂಬಿಕೊಳ್ಳುತ್ತಾನೆ? ಮೊದಲು ಡ್ರಾಯಿಂಗ್‌ನಲ್ಲಿ ಬಿಟ್ಟುಹೋದದ್ದನ್ನೆಲ್ಲ ಹುಡುಕಿ ಎಕ್ಸ್‌ಟ್ರಾ ಐಟಂ ಅಂತ ಬಿಲ್ ಹಾಕುತ್ತಾನೆ. ಅಷ್ಟು ಸಾಲದಿದ್ದರೆ ಆಮೇಲೆ ಮುಚ್ಚಿಹೋಗುವ ಕೆಲಸಕ್ಕೆ ಕೈ ಹಾಕುತ್ತಾನೆ. ಕಬ್ಬಿಣದ ಸೈಜ್ ಯಾರು ಬೇಕಾದರೂ ಅಳೆಯಬಹುದು, ಹಾಗಾಗಿ ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದರೆ ಸ್ಲ್ಯಾಬ್ ಕಂಬಿಯ ಕೆಳಗೆ ಕವರ್ ಬ್ಲಾಕ್ (ಕಂಬಿಯನ್ನು ಸೆಂಟ್ರಿಂಗ್ ಹಲಗೆಯಿಂದ ಮೇಲೆತ್ತಿ ಹಿಡಿಯುವ ಚಿಕ್ಕ ಬಿಲ್ಲೆ) ಬದಲು ಜಲ್ಲಿ ಚೂರು ಇಟ್ಟಿರುತ್ತಾರೆ, ಕಾಂಕ್ರೀಟ್ ಹಾಕುವವರು ಮೇಲೆ ಓಡಾಡಿದಾಗ ಅದು ಜಾರಿ ಕಂಬಿ ಹಲಗೆಗೇ ತಾಗಿ ಕೂರುತ್ತದೆ, ಮೇಲೊಂದು ಪ್ಲಾಸ್ಟರ್ ಬಳಿದರೆ ಮುಗೀತು, ಕೆಲವು ವರ್ಷ ಕಳೆದು ತುಕ್ಕಿನ ಕಲೆ ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಕ್ಯೂರಿಂಗ್ ಕಥೆಯೂ ಇದೇ. ಕನಿಷ್ಠ 7 ದಿನ ಕಾಂಕ್ರೀಟ್ ಒದ್ದೆಯಾಗಿರಬೇಕು, ಮೂರನೇ ದಿನಕ್ಕೇ ನೀರು ಹಾಕುವವನನ್ನು ಬೇರೆ ಕೆಲಸಕ್ಕೆ ಎಳೆದುಕೊಂಡು ಹೋಗಿರುತ್ತಾರೆ. ತಮಾಷೆ ಅಂದರೆ ಅದೇ ಕಾಂಕ್ರೀಟಿನಿಂದ ಪರೀಕ್ಷೆಗೆ ಅಂತ ಮಾಡಿದ ಟೆಸ್ಟ್ ಕ್ಯೂಬ್ ಮಾತ್ರ 28 ದಿನ ತೊಟ್ಟಿ ನೀರಲ್ಲಿ ಹಾಯಾಗಿ ಮಲಗಿದ್ದು ಪಾಸಾಗುತ್ತದೆ! ಅದು ಮಿಕ್ಸ್ ಸರಿಯಿತ್ತು ಅಂತ ಹೇಳುತ್ತದೆ ಅಷ್ಟೇ, ಮೇಲೆ ಒಣಗಿದ ಸ್ಲ್ಯಾಬ್ ಬಗ್ಗೆ ಅಲ್ಲ.

ಹಾಗಂತ ಟೆಂಡರ್ ಬಿಟ್ಟು ಪರಿಚಯದವರಿಗೆ ಕೊಟ್ಟರೆ ಗುಣಮಟ್ಟ ತಾನಾಗಿ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಕೇಳುವವರೇ ಇರುವುದಿಲ್ಲ.

ಟೆಂಡರ್ ಕರೆಯುವ ಮೊದಲೇ ಡ್ರಾಯಿಂಗ್, ಸ್ಪೆಸಿಫಿಕೇಶನ್ ಮುಗಿಸಿ. ಕಂಟ್ರಾಕ್ಟರ್‌ನ ಅನುಭವ, ಸಾಮರ್ಥ್ಯದ ವಿವರ ಇರುವ ಟೆಕ್ನಿಕಲ್ ಕವರ್ ಬೇರೆ, ರೇಟಿನ ಕವರ್ ಬೇರೆ ಇರಲಿ. ಯಾರದಾದರೂ ರೇಟ್ ಉಳಿದವರಿಗಿಂತ ತೀರಾ ಕೆಳಗಿದ್ದರೆ ರೇಟ್ ಅನಾಲಿಸಿಸ್, ಅಂದರೆ ಆ ರೇಟ್ ಹೇಗೆ ಬಂತು ಅನ್ನುವ ಲೆಕ್ಕ, ಕೇಳಿ. ಯುರೋಪಿಯನ್ ಒಕ್ಕೂಟದ 2014ರ ಸರ್ಕಾರಿ ಖರೀದಿ ನಿಯಮದಲ್ಲಿ ಹೀಗೆ ವಿವರಣೆ ಕೇಳುವುದು ಕಡ್ಡಾಯ. ಕಂಬಿ ಚೆಕ್ ಆಗಿ ಸಹಿ ಬೀಳದೆ ಕಾಂಕ್ರೀಟ್ ಹಾಕುವ ಹಾಗಿಲ್ಲ ಅಂತ ಕರಾರಿನಲ್ಲೇ ಬರೆಸಿ. ಮತ್ತೆ ದಯವಿಟ್ಟು, ಆ ಸಹಿ ಹಾಕುವ ಎಂಜಿನಿಯರನ್ನೂ ಕಡಿಮೆ ರೇಟ್ ನೋಡಿ ಆರಿಸಬೇಡಿ. ಕೊಟ್ಟ ಫೀಸಿಗೆ ಅವರು ವಾರಕ್ಕೊಮ್ಮೆ ಬಂದು ಹೋಗುತ್ತಾರೆ, ಕಾಂಕ್ರೀಟ್ ಉಳಿದ ಆರು ದಿನ ಬೀಳುತ್ತದೆ.