ಮೂಡಿಗೆರೆಯ ಅಕ್ಕನಿಗೆ: ಹೆಬ್ಬೆಟ್ಟು ಮೂಡದಿದ್ದರೂ ಅಕ್ಕಿ ನಿಮ್ಮದೇ

ಅಕ್ಕಾ, ಅತ್ತೆಯ ಹೆಬ್ಬೆಟ್ಟು ರೇಷನ್ ಅಂಗಡಿಯ ಮೆಷಿನ್ನಿನಲ್ಲಿ ಮೂಡಲಿಲ್ಲ ಅಂತ ಎರಡು ಸಲ ಅಕ್ಕಿ ಕೊಡದೆ ಕಳಿಸಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹಾಗೆ ಕಳಿಸುವುದು ತಪ್ಪು. ನಮ್ಮಮ್ಮನೂ ತೋಟದಲ್ಲಿ ಕಾಫಿ ಕೊಯ್ದವರು. ಬೆರಳಿನ ಗೆರೆಯೆಲ್ಲ ಸವೆದು ತುದಿ ನುಣ್ಣಗಾಗಿತ್ತು. ದುಡಿದ ಕೈಗೆ ಅಕ್ಕಿ ಇಲ್ಲ ಅಂದರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಬೆರಳು ಹೊಂದಲಿಲ್ಲ ಅಂತ ರೇಷನ್ ನಿಲ್ಲಿಸಬಾರದು ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಹೇಳಿದೆ. ಕಾರ್ಡಿನಲ್ಲಿ ಹೆಸರಿರುವ ಬೇರೆಯವರೂ ಬೆರಳು ಕೊಡಬಹುದು. ನಿಮ್ಮದು ಅಂತ್ಯೋದಯ ಕಾರ್ಡ್, ಅಂದರೆ ತೀರಾ ಬಡವರಿಗೆ ಕೊಡುವ ಕಾರ್ಡ್ ಅಂದಿರಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಮನೆಗೆ ತಿಂಗಳಿಗೆ 35 ಕೆಜಿ ಧಾನ್ಯ ನಿಮ್ಮ ಹಕ್ಕು, ಅಂಗಡಿಯವರ ದಯೆ ಅಲ್ಲ.

ಸುಮ್ನೆ ವಾಪಸ್ ಬರಬೇಡಿ. ರೇಷನ್ ದೂರಿನ ಸಹಾಯವಾಣಿ 1967ಕ್ಕೆ ಫೋನ್ ಮಾಡಿ. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ದೂರು ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.