ಉಡುಪಿ ಹೋಟೆಲಿನಲ್ಲಿ ಧಾರವಾಡ ಹುಡುಕಬೇಡಿ

ಧಾರವಾಡದಿಂದ ಪುಣೆಗೆ ಬಂದು ಮೂರು ತಿಂಗಳಾಯ್ತು, ಉಡುಪಿ ಹೋಟೆಲಿನ ಸಾಂಬಾರೂ ಸಿಹಿ, ನಾಲಿಗೆಗೆ ಹತ್ತೋ ಊಟ ಹೊರಗೆ ಎಲ್ಲಿ ಸಿಗುತ್ತೆ, ಗೋವಾಕ್ಕೆ ಹೋದರೆ ಸಸ್ಯಾಹಾರಿಗಳು ಏನು ತಿನ್ನಬೇಕು ಅಂತ ಕೇಳಿದ್ದೀರಿ.

ನಾನು ಹುಬ್ಬಳ್ಳಿಯವಳು, ಪುಣೆಗೆ ಬಂದು ಹದಿನಾಲ್ಕು ವರ್ಷ. ಮೊದಮೊದಲು ನಾನೂ ‘ಉಡುಪಿ’ ಅಂತ ಬೋರ್ಡು ಕಂಡಲ್ಲೆಲ್ಲ ನುಗ್ಗಿ, ಸಾಂಬಾರು ಮುಟ್ಟಿ ಮುಖ ಹಿಂಡಿಕೊಂಡು ಎದ್ದು ಬರ್ತಿದ್ದೆ. ಇದರಲ್ಲಿ ಪುಣೆಯ ತಪ್ಪೇನೂ ಇಲ್ಲ. ಕರಾವಳಿಯವರು ಸಾಂಬಾರಿಗೆ ಬೆಲ್ಲ ಹಾಕ್ತಾರೆ. ಉಡುಪಿಗೇ ಹೋಗಿ ತಿಂದರೂ ನಮಗೆ ಅದು ಸಿಹಿನೇ. ಉಡುಪಿ ಹೋಟೆಲಲ್ಲಿ ಕೂತು ಹಸಿಮೆಣಸಿನಕಾಯಿ ಚಟ್ನಿ ಕೇಳಿದರೆ ವೇಟರ್ ಪಾಪ ಏನು ಮಾಡಬೇಕು? ಆ ಹೋಟೆಲಿಗೆ ಹೋದರೆ ಪುಣೆಯವರು ಅಲ್ಲಿ ಏನು ತಿನ್ನೋಕೆ ಸಾಲು ನಿಲ್ತಾರೋ ಅದನ್ನೇ ಹೇಳಿ. ಎಫ್‌ಸಿ (ಫರ್ಗ್ಯುಸನ್ ಕಾಲೇಜು) ರೋಡಿನ ‘ವೈಶಾಲಿ’ಯೂ ಶೆಟ್ಟರೊಬ್ಬರು ಕಟ್ಟಿದ ಹೋಟೆಲು. ದೋಸೆ, ಇಡ್ಲಿ ಸರಿನೇ, ಆದರೆ ಹುಡುಗರು ಕೂತು ಹೇಳೋದು ಎಸ್‌ಪಿಡಿಪಿ, ಅಂದರೆ ಸೇವ್ ಪೊಟ್ಯಾಟೊ ದಹಿ ಪೂರಿ. ನಾನೂ ಅದನ್ನೇ ತಿಂತೀನಿ.

ನಮ್ಮ ರುಚಿ ಇರೋದು ಮರಾಠಿ ಖಾನಾವಳಿಯಲ್ಲಿ. ಹೆಸರೇ ನೋಡಿ, ಅವರದು ಖಾಣಾವಳ, ನಮ್ಮದು ಖಾನಾವಳಿ. ಭಾಕರಿ ಅಂದರೆ ನಮ್ಮ ರೊಟ್ಟಿ. ಜ್ವಾರಿ (ಅಂದರೆ ಜೋಳದ) ಭಾಕರಿ ಅಂತ ಹೇಳಿ, ಇಲ್ಲದಿದ್ದರೆ ಸಜ್ಜೆ ಭಾಕರಿ ತಂದಿಟ್ಟಾರು. ಪಿಠಲ ಅಂದರೆ ತೆಳ್ಳಗಿನ ಝುಣಕ, ಅದೇ ಕಡಲೆಹಿಟ್ಟಿನದ್ದು. ಭರಲಿ ವಾಂಗಿ ಹೆಚ್ಚುಕಮ್ಮಿ ನಮ್ಮ ಎಣ್ಣೆಗಾಯಿ, ಮಟಕಿ ಉಸಳ ಮಡಕಿಕಾಳಿನ ಪಲ್ಯ. ನೀವು ಹುಡುಕ್ತಿರೋ ಖಾರ ಠೇಚಾದಲ್ಲಿದೆ, ಅಂದರೆ ಮೆಣಸಿನಕಾಯಿ-ಬೆಳ್ಳುಳ್ಳಿ ಕುಟ್ಟಿದ ಚಟ್ನಿಯಲ್ಲಿ. ಕೆಲವು ಕಡೆ ಭರಲಿ ವಾಂಗಿಗೂ ಬೆಲ್ಲ ಬಿದ್ದಿರುತ್ತೆ, ಅದಕ್ಕೆ ಮೊದಲೇ ಕೇಳಿಬಿಡಿ. (1995ರಲ್ಲಿ ಇಲ್ಲಿನ ಸರ್ಕಾರ ಒಂದು ರೂಪಾಯಿಗೆ ಝುಣಕಾ-ಭಾಕರ ಕೊಡೋ ಯೋಜನೆಯನ್ನೇ ತಂದಿತ್ತು. ನಮ್ಮ ಕಡೆ ಇದ್ದಿದ್ದರೆ ನಮ್ಮ ಮಾವ ಮನೇಲಿ ಉಣ್ತಾನೇ ಇರಲಿಲ್ಲ.)

ಒಮ್ಮೆ ಅತ್ತೆಯವರನ್ನ ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಕರ್ಕೊಂಡು ಹೋಗಿದ್ವಿ. ಅಲ್ಲಿ ಹೆಂಗಸರು ಪಿಠಲ-ಭಾಕರಿ, ಈರುಳ್ಳಿ ಭಜಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಮೊಸರು ಮಾರ್ತಾರೆ. ಪುಣೆಗೆ ಬಂದು ಎಂಟು ದಿನ ಯಾವ ಹೋಟೆಲಲ್ಲೂ ಸರಿಯಾಗಿ ಉಣ್ಣದ ಅತ್ತೆಯವರು ಮೊದಲ ತುತ್ತಿಗೇ “ಯವ್ವಾ, ಇದು ನಮ್ಮ ಝುಣಕಾನ ಐತಲ್ಲ!” ಅಂದರು. ಮೂರು ಭಾಕರಿ ಉಂಡು, ರೊಟ್ಟಿ ಸ್ವಲ್ಪ ದಪ್ಪ ಆತು ಅಂತ ತಪ್ಪನ್ನೂ ಹುಡುಕಿದರು. ತಪ್ಪು ಹುಡುಕಿದರು ಅಂದರೆ ಊಟ ಸೇರ್ತು ಅಂತ ಅರ್ಥ.

ಮುಂಬಯಿಗೆ ಹೋದರೆ ಮಾಟುಂಗಾ ಸ್ಟೇಷನ್ ಹತ್ತಿರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಬಾಳೆಲೆ ಊಟ ಹೇಳಿ, ಹಸಿದು ಹೋಗಿ. ಅಲ್ಲೂ ಧಾರವಾಡ ನೆನೆಸ್ಕೋಬೇಡಿ.

ಗೋವಾದ ವಿಷಯಕ್ಕೆ ಬಂದರೆ, ಒಂದು ಕೊಂಕಣಿ ಶಬ್ದ ಕಲಿತಿಟ್ಕೊಳ್ಳಿ: ಶಿವರಾಕ್. ಮೀನು-ಮಾಂಸ ಇಲ್ಲದ್ದು ಅಂತ. ಅದು ಗೊತ್ತಿಲ್ಲದೆ ಸಮುದ್ರದ ದಂಡೆಯ ಒಂದು ಹೋಟೆಲಲ್ಲಿ ‘ವೆಜ್ ಥಾಲಿ’ ಅಂದೆ. ತಟ್ಟೆಯ ಮೂಲೆಯಲ್ಲಿ ತೆಂಗಿನ ತುರಿ ಹಾಕಿದ ಕೋಸಂಬರಿಯಂಥದ್ದು ಇತ್ತು, ಬಾಯಿಗಿಟ್ಟೆ. ಕಿಸ್ಮೂರ್ ಅದು, ಒಣ ಸಿಗಡಿಯದ್ದು. ಮಾಲೀಕ ನಗುನಗುತ್ತಾ ತಟ್ಟೆ ಬದಲಿಸಿದ, ನನಗೆ ಮಾತ್ರ ಸಂಜೆಯವರೆಗೆ ಊಟದ ಹೆಸರು ಬೇಡವಾಗಿತ್ತು. ಸೋಮವಾರ ಅಲ್ಲಿನ ಬಹಳಷ್ಟು ಹಿಂದೂಗಳು ಮೀನು ಮುಟ್ಟಲ್ಲ, ಹಾಗಾಗಿ ಅವತ್ತು ನಮ್ಮಂಥವರ ಪಾಡು ಸ್ವಲ್ಪ ಸುಲಭ. ಬೆಳಗಿನ ನಾಷ್ಟಾಕ್ಕಂತೂ ಚಿಂತೆನೇ ಇಲ್ಲ: ಪಣಜಿಯ ಕೆಫೆ ತಾತೊ, ಕೆಫೆ ಭೋಸಲೆಯಂಥ ಕಡೆ ಭಾಜಿ-ಪಾವ್ ತಿನ್ನಿ. ಮುಂಬಯಿಯ ಪಾವ್ ಭಾಜಿ ಅಲ್ಲ ಇದು, ಬಟಾಟೆಯ ಒಣ ಪಲ್ಯ ಒಂದು, ಕಾಳಿನ ತೆಳ್ಳನೆ ಪಾತಳ ಭಾಜಿ ಒಂದು. ಜೊತೆಗೆ ಮಿರ್ಚಿ ಭಜಿ ಹೇಳಿ. ನೀವು ಧಾರವಾಡದವರು, ನಾನು ಹೇಳೋದೇನಿದೆ.

ಸಿಂಹಗಡಕ್ಕೆ ಭಾನುವಾರ ಮಾತ್ರ ಹೋಗಬೇಡಿ, ಗಾಡಿಗಳ ಸಾಲಲ್ಲೇ ಹಸಿವು ಸತ್ತುಹೋಗುತ್ತೆ.